ಅರ್ಧ ವರ್ಷದ ನಿವಾಸಿ

ನನ್ನ ಗಂಡನಿಗೆ ಐರ್ಲೆಂಡ್ ಬೇಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಅದೇ ಬೇರು. ಅವರಿಗೆ ಬೇಕಾಗಿದ್ದದ್ದು ಅಮೆರಿಕ. ನ್ಯೂಜೆರ್ಸಿಯಲ್ಲಿ ತಾವು ಕೆಲಸ ಮಾಡುತ್ತಿದ್ದ ಕಂಪನಿಯ ಮೂಲಕ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಬಡ್ತಿ ಕೊಡದಿದ್ದರೂ ತುಟಿ ಪಿಟಕ್ಕೆನ್ನದೆ ದುಡಿದರು. ಕೊನೆಗೆ ನಮ್ಮಿಬ್ಬರಿಗೂ ಕಾರ್ಡು ಬಂತು. ಮಗಳು ಅಲ್ಲೇ ಹುಟ್ಟಿದವಳು, ಅವಳಿಗೆ ಈ ಗೊಡವೆ ಇರಲಿಲ್ಲ. ಕಾರ್ಡು ಬಂದ ದಿನ ಅವರು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋದರು. ಕಲೆ ಬಿದ್ದರೆ ಏರ್‌ಪೋರ್ಟಿನಲ್ಲಿ ಏನು ಹೇಳ್ತೀರಿ ಎಂದು ನಾನೇ ತಡೆದೆ.

ಅದಾಗಿ ವರ್ಷ ತುಂಬುವ ಮೊದಲೇ ನನ್ನ ಕಂಪನಿಯವರು ಎರಡು ವರ್ಷದ ಮಟ್ಟಿಗೆ ಐರ್ಲೆಂಡಿನ ಗಾಲ್ವೇಗೆ ಹೋಗಿ ಬರುತ್ತೀಯಾ ಎಂದು ಕೇಳಿದರು. ಅಲ್ಲಿಯ ಪಾರ್ಕ್‌ಮೋರ್‌ನಲ್ಲಿ ಅವರ ಕಾರ್ಖಾನೆ ಇತ್ತು. ಹೃದಯದ ರಕ್ತನಾಳದೊಳಗೆ ತೂರಿಸುವ ಕೂದಲೆಳೆಯಂಥ ಕೊಳವೆಗಳನ್ನು ಅಲ್ಲಿ ಮಾಡುತ್ತಿದ್ದರು. ಅವುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲಿ ಸಂಬಳವಿಲ್ಲದೆ ಮಾಡುವುದನ್ನೇ ಅಲ್ಲಿ ಸಂಬಳಕ್ಕೆ ಮಾಡ್ತೀಯ ಎಂದು ನನ್ನ ಗಂಡ ಛೇಡಿಸುತ್ತಿದ್ದರು. ನನಗೆ ಹೋಗುವ ಆಸೆಯಿತ್ತು, ಮುಚ್ಚಿಡಲಿಲ್ಲ. ಅವರು ಎರಡು ದಿನ ಬಿಟ್ಟು ಒಪ್ಪಿಕೊಂಡರು. "ಎರಡೇ ವರ್ಷ ತಾನೇ? ಕಾರ್ಡ್ ಇರುತ್ತಲ್ಲ" ಎಂದರು.

ಕಾರ್ಡ್ ಇರುತ್ತದೆ ಎನ್ನುವುದು ಅಷ್ಟು ಸುಲಭದ ಮಾತಾಗಿರಲಿಲ್ಲ. ಗ್ರೀನ್ ಕಾರ್ಡಿನವರು ಅಮೆರಿಕ ಬಿಟ್ಟು ಹೊರಗೇ ಇದ್ದುಬಿಟ್ಟರೆ ಅದು ಹೋಗುತ್ತದೆ. ಎರಡು ವರ್ಷದೊಳಗೆ ಮರಳುತ್ತೇವೆಂದು ಮೊದಲೇ ಅನುಮತಿ ಪಡೆದು, ಅದರದೊಂದು ಪುಟ್ಟ ಪುಸ್ತಕ ಮಾಡಿಸಿಕೊಂಡೆವು. ಮಾಡಿಸಿಕೊಟ್ಟ ಲಾಯರು ಕೊನೆಯಲ್ಲಿ ಒಂದು ಮಾತು ಹೇಳಿದರು: ಈ ಪುಸ್ತಕವೊಂದೇ ಸಾಲದು, ನೀವು ಅಮೆರಿಕವನ್ನು ಬಿಟ್ಟಿಲ್ಲ, ಸ್ವಲ್ಪ ದಿನ ಆಚೆ ಹೋಗಿದ್ದೀರಿ ಅಷ್ಟೇ ಎನ್ನುವುದು ನೀವು ಮಾಡುವ ಎಲ್ಲದರಲ್ಲೂ ಕಾಣಬೇಕು. ನನ್ನ ಗಂಡ ತಲೆಯಾಡಿಸಿದರು. ಆ ಜುಲೈನಲ್ಲಿ ಅವರು ಕೆಲಸ ಬಿಟ್ಟರು, ನಾವು ಮೂವರೂ ಬಂದೆವು.

ಐರ್ಲೆಂಡಿನಲ್ಲಿ ಆಗ ಎತ್ತ ನೋಡಿದರೂ ಕ್ರೇನು. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಇಪ್ಪತ್ತೈದರ ಹುಡುಗಿಯರು ಕೂಡ ಎರಡನೆಯ ಮನೆಗೆ ಸಾಲ ಮಾಡುತ್ತಿದ್ದರು. ನಮ್ಮದು ಊರಾಚೆಯ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ. ನಮ್ಮ ಸಾಲಿನ ಹಿಂದೆ ಇನ್ನೂ ಮೂರು ಸಾಲು ಮನೆಗಳು ಏಳುತ್ತಿದ್ದವು. ದಿನವಿಡೀ ಸುತ್ತಿಗೆ ಸದ್ದು. ಸಾಗರದ ಕಡೆಯಿಂದ ಬರುವ ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತಿತ್ತು, ಕೊಡೆ ತಿರುಗಿ ನಿಲ್ಲುತ್ತಿತ್ತು. ಮಗಳು ಶಾಲೆಗೆ ಸೇರಿದ ಮೂರೇ ತಿಂಗಳಲ್ಲಿ ಅಲ್ಲಿಯವಳೇ ಆಗಿಬಿಟ್ಟಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಅದೂ ಗಾಲ್ವೇ ರಾಗದಲ್ಲಿ. ಊಟ ಹೇಗಿದೆ ಅಂದರೂ "ಗ್ರ್ಯಾಂಡ್", ಮಂಡಿ ತರಚಿಕೊಂಡು ಬಂದರೂ "ಗ್ರ್ಯಾಂಡ್". ನನಗೆ ನಗು, ಅವರಿಗೆ ಸಂಕಟ.

ಅವರಿಗೆ ಕೆಲಸ ಸಿಗಲಿಲ್ಲ. ಕೆಲಸಕ್ಕೆಂದು ಬೇರೆ ಪರ್ಮಿಟ್ ಮಾಡಿಸಬೇಕು ಎಂದ ಕೂಡಲೇ ಕಂಪನಿಗಳವರು ನಯವಾಗಿ ಜಾರಿಕೊಳ್ಳುತ್ತಿದ್ದರು. ಹದಿನೈದು ವರ್ಷ ಕೋಡ್ ಬರೆದ ಮನುಷ್ಯ ಮಗಳನ್ನು ಶಾಲೆಗೆ ಬಿಟ್ಟು ಬಂದು ಬೇಳೆ ಬೇಯಲು ಇಡುತ್ತಿದ್ದರು. ಅಡುಗೆ ಚೆನ್ನಾಗಿಯೇ ಕಲಿತರು. ಆದರೆ ನಾನು "ಸಾರು ಚೆನ್ನಾಗಿದೆ ರೀ" ಎಂದಾಗಲೆಲ್ಲ ಅವರ ಮುಖ ಇಷ್ಟು ಸಣ್ಣದಾಗುತ್ತಿತ್ತು. ಬೀರುವಿನಲ್ಲಿ ಬಟ್ಟೆಗಳ ಅಡಿ ಇಟ್ಟಿದ್ದ ಕಾರ್ಡನ್ನು ಆಗಾಗ ತೆಗೆದು ನೋಡುತ್ತಿದ್ದುದು ನನಗೆ ಗೊತ್ತಿತ್ತು. ಅವರು ಮತ್ತೆ ಮನುಷ್ಯರಾಗುವುದು ಆ ಕಾರ್ಡಿನಿಂದಲೇ ಎಂದು ಅವರು ನಂಬಿದ್ದರು, ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

ಹೀಗಿರುವಾಗ ಅಮೆರಿಕದ ತೆರಿಗೆಯ ಕಾಲ ಬಂತು. ಹಿಂದಿನ ವರ್ಷದ ಮೊದಲರ್ಧ ಅಲ್ಲಿ, ಉಳಿದದ್ದು ಇಲ್ಲಿ. ನನ್ನ ತೆರಿಗೆಯ ಕಾಗದಗಳನ್ನು ಕಂಪನಿಯವರೇ ಮಾಡಿಸುವ ಏರ್ಪಾಡಿತ್ತು. ಅದಕ್ಕೆಂದೇ ಡಬ್ಲಿನ್ನಿನ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ಒಬ್ಬ ಅಕೌಂಟೆಂಟ್ ಇದ್ದರು. ಅಮೆರಿಕದ ಹೆಂಗಸು, ಐರಿಶ್ ಹುಡುಗನನ್ನು ಮದುವೆಯಾಗಿ ಬಂದವರು. ನಿಮ್ಮದನ್ನೂ ಅವರಿಗೇ ಕೊಡೋಣ, ಇಬ್ಬರದೂ ಒಟ್ಟಿಗೆ ಆಗಲಿ ಎಂದು ನಾನು ಹೇಳಿದೆ.

"ಬೇಡ. ಇದೊಂದನ್ನಾದ್ರೂ ನಾನೇ ಮಾಡ್ತೀನಿ" ಎಂದರು. "ಇಷ್ಟು ವರ್ಷ ಇಬ್ಬರದೂ ಯಾರು ಮಾಡಿದ್ದು? ಕುಕ್ಕರ್ ಕೂಗಿಸೋದು ಬಿಟ್ಟು ಇನ್ನೇನೂ ಬರಲ್ಲ ಅಂದ್ಕೊಂಡ್ಯಾ?"

ಹಾಗೆಂದ ಮೇಲೆ ನಾನು ಒತ್ತಾಯಿಸಲಿಲ್ಲ. ಆ ದನಿಯ ಮುಂದೆ ಯಾವ ಹೆಂಡತಿಯೂ ಒತ್ತಾಯಿಸುವುದಿಲ್ಲ.

ಯುಗಾದಿಯ ಊಟಕ್ಕೆ ನಮ್ಮಲ್ಲಿಗೆ ಒಬ್ಬ ಡಾಕ್ಟರು ಬಂದರು. ತುಮಕೂರಿನ ಕಡೆಯವರು, ಗಾಲ್ವೇಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಅದಕ್ಕೆ ಮುಂಚೆ ಎರಡು ವರ್ಷ ಸಂಶೋಧನೆಗೆಂದು ಅಮೆರಿಕದಲ್ಲಿ ಇದ್ದು ಬಂದವರು. ನನ್ನ ಗಂಡ ಒಬ್ಬಟ್ಟು ಬಡಿಸುತ್ತ ತೆರಿಗೆಯ ಮಾತೆತ್ತಿದರು.

"ಅದ್ರಲ್ಲೇನೈತೆ ಸಾರ್?" ಎಂದರು ಡಾಕ್ಟರು. "ಜುಲೈ ತನಕ ನೀವು ರೆಸಿಡೆಂಟು, ಆಮೇಲೆ ನಾನ್-ರೆಸಿಡೆಂಟು. ವರ್ಷಾನ ಎರಡು ಭಾಗ ಮಾಡಿ ಬರೀಬೇಕು. ನಾನು ಬರೋವಾಗ್ಲೂ ಹಂಗೇ ಮಾಡಿದ್ದು. ಒಂದು ತಕರಾರೂ ಬರ್ಲಿಲ್ಲ."

"ಒಂಥರಾ ಎನ್‌ಆರ್‌ಐ ಆದ ಹಾಗೆ" ಎಂದರು ನನ್ನ ಗಂಡ.

"ಹೂಂ ಮತ್ತೆ. ಇಂಡಿಯಾಗೂ ಎನ್‌ಆರ್‌ಐ, ಈಗ ಅಮೆರಿಕಾಗೂ ಎನ್‌ಆರ್‌ಐ. ಎಲ್ಲಾ ಕಡೇನೂ ಅಳಿಯನ ಮರ್ಯಾದೆ!"

ಮೂವರೂ ನಕ್ಕೆವು. ಡಾಕ್ಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅವರು ವೀಸಾದ ಮೇಲೆ ಇದ್ದವರು, ವೀಸಾದವರು ಹಾಗೆಯೇ ಬರೆಯಬೇಕು. ನಾವು ಕಾರ್ಡಿನವರು. ಆ ವ್ಯತ್ಯಾಸ ಊಟಕ್ಕೆ ಕೂತ ಯಾರಿಗೂ ಹೊಳೆಯಲಿಲ್ಲ. ದೇಶ ಬಿಟ್ಟ ದಿನದಿಂದ ನಾವು ಊರಿನ ಬ್ಯಾಂಕಿನಲ್ಲಿ, ಜೀವವಿಮೆಯಲ್ಲಿ, ಸೈಟಿನ ಕಾಗದದಲ್ಲಿ ನಾನ್-ರೆಸಿಡೆಂಟ್ ಎಂದು ಬರೆದು ಬರೆದು ಅದು ನಮಗೆ ಪದವಿಯೇ ಆಗಿತ್ತು. ಎಲ್ಲಿ ವಾಸವಿಲ್ಲವೋ ಅಲ್ಲಿ ವಾಸವಿಲ್ಲ ಎಂದು ಹೇಳುವುದರಲ್ಲಿ ಏನು ಅಪಾಯ? ಹಾಗೆ ಹೇಳಿದರೆ ಬ್ಯಾಂಕಿನವರು ಕುರ್ಚಿ ಕೊಡುತ್ತಿದ್ದರು, ಅಷ್ಟೇ ನಮಗೆ ಗೊತ್ತಿದ್ದದ್ದು.

ನನ್ನ ಗಂಡ ವಾರವಿಡೀ ಕೂತು ಬರೆದರು. ಜುಲೈವರೆಗಿನದಕ್ಕೆ ಒಂದು ಕಾಗದ, ಆಚೆಗಿನದಕ್ಕೆ ಇನ್ನೊಂದು. ವರ್ಷ ಒಡೆದಿರುವುದು ಗೊತ್ತಾಗಲೆಂದು ಮೊದಲ ಪುಟದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆಯಬೇಕಿತ್ತು. ಅದನ್ನು ಅವರು ಸ್ಕೇಲ್ ಇಟ್ಟು ಬರೆದರು. ಇದರಿಂದ ಅವರಿಗೆ ಒಂದು ಪೈಸೆಯ ಲಾಭವೂ ಇರಲಿಲ್ಲ, ಬದಲಿಗೆ ತುಸು ನಷ್ಟವೇ ಆಯಿತು. "ಇಲ್ದೇ ಇರೋ ಕಡೆ ಇದೀನಿ ಅಂತ ಬರೆದ್ರೆ ಸುಳ್ಳಾಗಲ್ವಾ?" ಎಂದರು. ಪೋಸ್ಟ್ ಆಫೀಸಿಗೆ ಮೂವರೂ ಹೋದೆವು. ಬರುವಾಗ ಅವರು ಶಿಳ್ಳೆ ಹಾಕುತ್ತಿದ್ದರು.

ಆ ವಸಂತದಲ್ಲಿ ಗಾಲ್ವೇಯ ನಲ್ಲಿ ನೀರು ಕೆಟ್ಟಿತ್ತು. ಯಾವುದೋ ಕಣ್ಣಿಗೆ ಕಾಣದ ಹುಳ ಸೇರಿಕೊಂಡಿದೆ, ಕುದಿಸದೆ ಕುಡಿಯಬೇಡಿ ಎಂದು ಮನೆಮನೆಗೂ ಚೀಟಿ ಬಂದಿತ್ತು. ನೋಡಲು ನೀರು ತಿಳಿಯಾಗಿಯೇ ಇರುತ್ತಿತ್ತು. ಐರಿಶ್ ಅಕ್ಕಪಕ್ಕದವರು ಕಂಗಾಲಾಗಿ ಬಾಟಲಿ ನೀರು ಹೊತ್ತು ತರುತ್ತಿದ್ದರೆ ನನ್ನ ಗಂಡ, "ನಾವು ಹುಟ್ಟಿದಾಗಿಂದ ಕುದಿಸ್ಕೊಂಡೇ ಕುಡಿದಿದ್ದು" ಎಂದು ಬೀಗಿ, ದೊಡ್ಡ ಪಾತ್ರೆಯಲ್ಲಿ ಬೆಳಿಗ್ಗೆ ಸಂಜೆ ನೀರು ಕಾಯಿಸುತ್ತಿದ್ದರು. ಹೊರಗಿನ ಚಳಿ, ಒಳಗಿನ ಆವಿ, ಕಿಟಕಿಗಳೆಲ್ಲ ಬೆವರಿಕೊಂಡು ಮನೆಯಲ್ಲಿ ಸದಾ ಒಂದು ಒದ್ದೆ ವಾಸನೆ.

ಬ್ಲಾಂಚರ್ಡ್ಸ್‌ಟೌನಿನ ಆ ಹೆಂಗಸು ಫೋನ್ ಮಾಡಿದ್ದು ಜೂನ್ ಮೊದಲ ವಾರ. ವಿದೇಶದಲ್ಲಿರುವವರಿಗೆ ತೆರಿಗೆ ಸಲ್ಲಿಸಲು ಎರಡು ತಿಂಗಳು ಹೆಚ್ಚಿಗೆ ಸಿಗುತ್ತದೆ, ಅವರು ನನ್ನದನ್ನು ಮುಗಿಸುತ್ತಿದ್ದರು. ನಾನು ಕಾರ್ಖಾನೆಯ ಕಾರ್ ಪಾರ್ಕಿನಲ್ಲಿದ್ದೆ. ನಿಮ್ಮದನ್ನು ಇಡೀ ವರ್ಷದ ನಿವಾಸಿಯೆಂದು ಹಾಕಿದ್ದೇನೆ, ನಿಮ್ಮ ಗಂಡನೂ ಹಾಗೆಯೇ ತಾನೇ ಎಂದು ಅವರು ಸುಮ್ಮನೆ ಕೇಳಿದರು. ಇಲ್ಲ, ಅವರು ಜುಲೈ ನಂತರ ನಿವಾಸಿಯಲ್ಲ ಎಂದು ಬರೆದರು ಎಂದೆ. ಅಲ್ಲಿಯವರೆಗೆ ಕೇಳುತ್ತಿದ್ದ ಕೀಬೋರ್ಡಿನ ಸದ್ದು ನಿಂತಿತು.

"ಕಳಿಸಿಬಿಟ್ಟಿದ್ದಾರಾ?" ಎಂದರು.

"ಏಪ್ರಿಲ್‌ನಲ್ಲೇ."

ಆಮೇಲೆ ಆಕೆ ನಿಧಾನವಾಗಿ, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದರು. ಗ್ರೀನ್ ಕಾರ್ಡ್ ಇರುವವನು ತಾನು ಅಲ್ಲಿಯ ನಿವಾಸಿಯಲ್ಲ ಎಂದು ತೆರಿಗೆಯವರಿಗೆ ಬರೆದು ಕೊಟ್ಟರೆ, ಕಾರ್ಡನ್ನು ತಾನೇ ಬಿಟ್ಟುಕೊಟ್ಟೆ ಎಂದು ಬರೆದು ಕೊಟ್ಟ ಹಾಗೆ ಇಮಿಗ್ರೇಶನ್‌ನವರು ಅದನ್ನು ಓದಬಹುದು. ಓದಲೇಬೇಕೆಂದಿಲ್ಲ, ಅದು ಎದುರಿಗಿರುವ ಅಧಿಕಾರಿಗೆ ಬಿಟ್ಟದ್ದು. ಕೂಡಲೇ ತಿದ್ದುಪಡಿ ಕಳಿಸೋಣ. ನನ್ನ ಕಾರ್ಡಿಗೆ ಏನೂ ಆಗುವುದಿಲ್ಲ. ಆಗುವುದಿದ್ದರೆ ಅವರದಕ್ಕೆ.

ಮನೆಗೆ ಬಂದು ಹೇಳಿದಾಗ ಅವರು ನೀರು ಕಾಯಿಸುತ್ತಿದ್ದರು. ಮೊದಲು ನಕ್ಕರು. "ನಾನೇನು ಕಳ್ಳತನ ಮಾಡಿದ್ನಾ? ಇದ್ದದ್ದು ಇದ್ದ ಹಾಗೆ ಬರೆದೆ." ಆಮೇಲೆ ಗ್ಯಾಸ್ ಆರಿಸಿ ಮೇಲೆ ಹೋದರು. ಬೀರುವಿನ ಬಾಗಿಲು ಕೇಳಿಸಿತು. ಬಹಳ ಹೊತ್ತು ಕೆಳಗೆ ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಮೆಟ್ಟಿಲ ಹತ್ತಿರ ಹೋಗಿ ನಿಂತಾಗ ಅದು ಕರಗಿ ಹೆದರಿಕೆಯಾಯಿತು. ಅಷ್ಟು ಆಸೆಪಟ್ಟ ವಸ್ತುವನ್ನು ಈ ಮನುಷ್ಯ ತಾನೇ ಕೈಯಾರೆ ಬರೆದು ಕೊಟ್ಟುಬಿಟ್ಟಿದ್ದರು.

ತಿದ್ದುಪಡಿ ಹೋಯಿತು. ಉತ್ತರ ಬರಲಿಲ್ಲ. ಉತ್ತರ ಬರುವುದು ತಡವಾಗುತ್ತದೆ, ಬರದೆಯೂ ಇರಬಹುದು ಎಂದು ಆ ಹೆಂಗಸು ಹೇಳಿದ್ದರು. ನನ್ನ ಗಂಡನಿಗೆ ಆ ಸಮಾಧಾನ ಸಾಲಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುವಂತೆ, ಒಂದಲ್ಲ ಒಂದು ದಿನ ಬಂದೇ ಬರುತ್ತದೆ ಎಂದು ಕಾಯುತ್ತಿದ್ದರು. ನಮ್ಮ ಮುಂಬಾಗಿಲಿನಲ್ಲಿ ಕಾಗದ ತೂರಿಸುವ ಕಂಡಿಗೆ ಒಂದು ಹಿತ್ತಾಳೆ ಮುಚ್ಚಳವಿತ್ತು. ಪೋಸ್ಟ್‌ಮ್ಯಾನ್ ಬಂದಾಗ ಅದು ಟಪ್ಪೆಂದು ಬಡಿಯುತ್ತಿತ್ತು. ಆ ಸದ್ದಿಗೆ ಅವರು ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದರು. ಬಂದಿದ್ದು ಪೀಜಾ ಅಂಗಡಿಯ ಜಾಹೀರಾತು ಆಗಿದ್ದರೂ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದರು.

ಆಮೇಲೆ ಶುರುವಾದದ್ದೇ ನನ್ನನ್ನು ನಿಜವಾಗಿ ಹೆದರಿಸಿದ್ದು. ನಾವು ಗಾಲ್ವೇಯಲ್ಲಿ ವಾಸವಾಗಿದ್ದೇವೆ ಎನ್ನಲು ಒಂದು ಗುರುತೂ ಉಳಿಯಬಾರದು ಎಂದು ಅವರು ತೀರ್ಮಾನಿಸಿದರು. ಲೈಬ್ರರಿಯ ಕಾರ್ಡನ್ನು ಹಿಂದಿರುಗಿಸಿದರು. ನಾನು ತಂದ ಪರದೆಗಳನ್ನು ಅಂಗಡಿಗೆ ವಾಪಸು ಕೊಟ್ಟರು, ಬರೀ ಕಿಟಕಿಗಳ ಮನೆಯಲ್ಲಿ ಸಂಜೆ ದೀಪ ಹಚ್ಚಲು ನನಗೆ ಮುಜುಗರವಾಗುತ್ತಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಅಪ್ಪ ಅಮ್ಮಂದಿರ ಫೋಟೋ ತೆಗೆಯುವಾಗ ಪಕ್ಕಕ್ಕೆ ಸರಿದು ನಿಂತರು. ಮಗಳು ಹಿತ್ತಲಲ್ಲಿ ಸ್ಟ್ರಾಬೆರಿ ಗಿಡ ನೆಡಬೇಕೆಂದಾಗ, "ಇದು ನಮ್ಮನೆ ಅಲ್ಲ ಪುಟ್ಟಿ" ಎಂದರು.

"ದೆನ್ ವೇರ್ ಇಸ್ ಇಟ್?" ಎಂದು ಕೇಳಿದಳು.

"ನ್ಯೂಜೆರ್ಸಿ. ಯಾರು ಕೇಳಿದ್ರೂ ನ್ಯೂಜೆರ್ಸಿ ಅನ್ಬೇಕು. ಗೊತ್ತಾಯ್ತಾ?"

ಊಟವಾದ ಮೇಲೆ ಅವರು ಆಫೀಸರ್ ಆಗಿ ಕುರ್ಚಿಯಲ್ಲಿ ಕೂತು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿ ಪ್ರಶ್ನೆ ಕೇಳುವುದು ಶುರುವಾಯಿತು. ಮಗಳಿಗೆ ಮೊದಲು ಅದು ಆಟ. ನ್ಯೂಜೆರ್ಸಿ, ನ್ಯೂಜೆರ್ಸಿ ಎಂದು ಕುಣಿದಳು. ಒಂದು ದಿನ ಬಾಯಿ ತಪ್ಪಿ ಗಾಲ್ವೇ ಎಂದಳು. ಅವರು ಕೂಗಲಿಲ್ಲ, ಕೈಯೆತ್ತಲಿಲ್ಲ. ಸುಮ್ಮನೆ ಅವಳನ್ನು ನೋಡಿದರು. ಆ ನೋಟಕ್ಕೆ ಮಗು ಅತ್ತಿತು. "ಸಾಕು ನಿಲ್ಲಿಸ್ರೀ ಇದನ್ನ!" ಎಂದು ನಾನೇ ಕೂಗಿದೆ. ಮನೆಯ ಹಿಂದೆ ಆ ಹೊತ್ತಿಗೆ ಸುತ್ತಿಗೆಯ ಸದ್ದು ನಿಂತುಹೋಗಿತ್ತು. ಕೊನೆಯ ಸಾಲಿನ ಮನೆಗಳಿಗೆ ಚಾವಣಿಯಿತ್ತು, ಕಿಟಕಿಗಳಿರಲಿಲ್ಲ. ಕೆಲಸದವರು ಯಾಕೆ ಬರುತ್ತಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ, ಕೇಳಿದರೆ ಮುಂದಿನ ತಿಂಗಳು ಬರುತ್ತಾರೆ ಎನ್ನುತ್ತಿದ್ದರು.

ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯಿಂದ ಅವರ ಹಳೆಯ ಮ್ಯಾನೇಜರು ಫೋನ್ ಮಾಡಿದರು. ಒಂದು ಜಾಗ ಖಾಲಿಯಾಗುತ್ತಿದೆ, ಈ ಕಡೆ ಬಂದಾಗ ಮಾತಾಡೋಣ ಎಂದರು. ನನ್ನ ಎರಡು ವರ್ಷ ಮುಗಿಯುವುದು ಮುಂದಿನ ಬೇಸಿಗೆಗೆ. ಆಗ ಎಲ್ಲರೂ ಮರಳಿದರೆ ಕೆಲಸ ಕಾದಿರುತ್ತದೆ ಎಂದು ನನಗೆ ಖುಷಿಯಾಯಿತು. ಅಕ್ಟೋಬರ್ ರಜೆಗೆ ಎರಡು ವಾರದ ಟಿಕೆಟ್ ಮಾಡಿಸಿದೆವು. ಉಳಿಯಲು ಅಲ್ಲಿ ನನ್ನ ಗಂಡನ ಅಕ್ಕನ ಮನೆ ಇತ್ತು.

ಬ್ಲಾಂಚರ್ಡ್ಸ್‌ಟೌನಿಗೆ ಫೋನ್ ಮಾಡಿ ಏನು ಮಾಡಬೇಕೆಂದು ಕೇಳಿದೆ. "ಕಾರ್ಡು, ಅನುಮತಿಯ ಪುಸ್ತಕ, ಪಾಸ್‌ಪೋರ್ಟು. ಅಷ್ಟೇ ತೋರಿಸಿ. ಕೇಳಿದ್ದಕ್ಕೆ ನಿಜ ಹೇಳಿ. ಕೇಳದೆ ಇದ್ದದ್ದನ್ನು ಹೇಳಬೇಡಿ" ಎಂದರು. ಅದನ್ನು ನಾನು ನನ್ನ ಗಂಡನಿಗೆ ಮೂರು ಸಲ ಹೇಳಿದೆ.

ಆದರೆ ನಾವು ಬೆಳೆದ ಊರಿನಲ್ಲಿ ಕಚೇರಿಗೆ ಹೋಗುವ ರೀತಿಯೇ ಬೇರೆ. ರೇಷನ್ ಕಾರ್ಡಿಗೆ ಹೋದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಇಟ್ಟುಕೊಂಡು ಹೋಗುವವರು ನಾವು. ಒಂದು ಕಾಗದ ಕಡಿಮೆಯಾಯಿತೆಂದು ನಾಳೆ ಬಾ ಎನಿಸಿಕೊಂಡವರು. ಅಧಿಕಾರಿ ಕೇಳುವ ಮೊದಲೇ ಫೈಲು ಮುಂದಿಡುವುದು ವಿನಯ, ಪ್ರಾಮಾಣಿಕತೆ, ಎಲ್ಲವೂ. ನನ್ನ ಗಂಡ ಕೈಚೀಲದ ತಳದಲ್ಲಿ ಪ್ಲಾಸ್ಟಿಕ್ ಫೈಲೊಂದನ್ನು ಇಟ್ಟುಕೊಂಡಿದ್ದಾರೆಂದು ನನಗೆ ತಿಳಿದದ್ದು ಶ್ಯಾನನ್ ವಿಮಾನ ನಿಲ್ದಾಣದಲ್ಲಿ.

ಶ್ಯಾನನ್‌ನಲ್ಲಿ ಒಂದು ವಿಚಿತ್ರವಿದೆ. ಅಮೆರಿಕದ ಇಮಿಗ್ರೇಶನ್ ಅಧಿಕಾರಿಗಳು ಅಲ್ಲೇ ಕೂತಿರುತ್ತಾರೆ. ವಿಮಾನ ಹತ್ತುವ ಮೊದಲೇ, ಐರ್ಲೆಂಡಿನ ನೆಲದ ಮೇಲೆಯೇ, ಒಳಗೆ ಬಿಡುವುದೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ. ಗಾಜಿನಾಚೆ ಹುಲ್ಲು, ಮಂಜು, ಮೇಯುತ್ತಿದ್ದ ಹಸುಗಳು ಕಾಣುತ್ತಿದ್ದವು. ನಮ್ಮ ಸರದಿ ಬಂತು. ಅಧಿಕಾರಿ ವಯಸ್ಸಾದವರು, ನೆಗಡಿಯಾಗಿತ್ತು. ನನ್ನ ಕಾರ್ಡು ನೋಡಿದರು, ಮಗಳ ಪಾಸ್‌ಪೋರ್ಟು ನೋಡಿದರು. ಯಾಕೆ ಹೊರಗಿದ್ದೀರಿ ಎಂದರು. ನನ್ನ ಕೆಲಸದ ಬಗ್ಗೆ ಹೇಳಿದೆ. ಮಗಳ ಕಡೆ ಬಾಗಿ ಎಲ್ಲಿ ಓದುತ್ತೀಯ ಎಂದರು. ಮಗಳು ಅಪ್ಪನ ಮುಖ ನೋಡಿ, "ನ್ಯೂಜೆರ್ಸಿ" ಎಂದಳು. ಅಪ್ಪಟ ಗಾಲ್ವೇ ರಾಗದಲ್ಲಿ.

ಅಧಿಕಾರಿ ನಕ್ಕರು. ಮಕ್ಕಳ ಮಾತೆಂದು ಬಿಟ್ಟರು ಎಂದೇ ನನಗನಿಸಿತು. ನನ್ನ ಗಂಡನ ಅನುಮತಿಯ ಪುಸ್ತಕ ತೆರೆದು ಮುದ್ರೆಗೆ ಕೈ ಚಾಚಿದರು. ಆಗ ನನ್ನ ಗಂಡ, "ಸರ್, ನಮ್ಮ ಟ್ಯಾಕ್ಸ್ ಕಾಗದಗಳೂ ಇವೆ, ಎಲ್ಲಾ ಸರಿಯಾಗಿದೆ" ಎಂದು ಫೈಲನ್ನು ಕೌಂಟರಿನ ಮೇಲೆ ಇಟ್ಟರು.

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಮುದ್ರೆಯ ಕೈ ಹಿಂದೆ ಹೋಯಿತು. ಕೇಳದೆ ಇದ್ದದ್ದನ್ನು ಕೊಟ್ಟರೆ ಯಾವ ಅಧಿಕಾರಿಯಾದರೂ ಓದುತ್ತಾನೆ. ಸ್ಕೇಲ್ ಇಟ್ಟು ಬರೆದ ಅಕ್ಷರಗಳು ಆ ಪ್ರತಿಯ ಮೊದಲ ಪುಟದಲ್ಲೇ ಇದ್ದವು. ಓದಿ ಮುಗಿಸಿ ಅವರು ಮೂಗು ಒರೆಸಿಕೊಂಡರು, ನಮ್ಮನ್ನು ಪಕ್ಕದ ಕೋಣೆಗೆ ಬರಹೇಳಿದರು.

ಆ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ನಮ್ಮ ವಿಮಾನಕ್ಕೆ ಕರೆಯುತ್ತಿರುವುದು ಕೇಳುತ್ತಿತ್ತು. ಅಧಿಕಾರಿ ಒಂದೊಂದೇ ಹಾಳೆ ತಿರುವಿ, ತಿದ್ದುಪಡಿಯ ಪ್ರತಿಗೆ ಬಂದು, ಅದನ್ನೂ ಪೂರಾ ಓದಿದರು. ನಾನು ಮೇಜಿನಡಿ ನನ್ನ ಗಂಡನ ಕೈ ಹಿಡಿದುಕೊಂಡೆ.

"ನಾನು ಅಮೆರಿಕದ ನಿವಾಸಿಯಲ್ಲ ಅಂತ ಬರೆದಿದ್ದೀರಿ" ಎಂದರು ಅಧಿಕಾರಿ. "ಆಮೇಲೆ ಅಲ್ಲಿಯ ನಿವಾಸಿಯೇ ಅಂತ ಬರೆದಿದ್ದೀರಿ. ಕೈಯಲ್ಲಿ ಎರಡು ವಾರಕ್ಕೆ ವಾಪಸು ಹೋಗುವ ಟಿಕೆಟ್ ಇದೆ. ನಾನು ಯಾವುದನ್ನು ನಂಬಲಿ?"

"ನಾನು ಅಮೆರಿಕ ಬಿಟ್ಟಿಲ್ಲ ಸರ್" ಎಂದರು ನನ್ನ ಗಂಡ. "ಒಂದು ದಿನಾನೂ ಬಿಟ್ಟಿಲ್ಲ."

ಅದು ನಿಜವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕಾರ್ಡನ್ನು ಬಿಟ್ಟುಕೊಡುವ ಕಾಗದವೊಂದು ಮೇಜಿನ ಮೇಲಿತ್ತು, ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿದರು. "ಇವತ್ತು ಬಿಡುತ್ತೇನೆ. ತಿದ್ದುಪಡಿ ಕಳಿಸಿದ್ದೀರಿ ಅಂತ. ಆದರೆ ಇದೆಲ್ಲ ಕಂಪ್ಯೂಟರಿನಲ್ಲಿ ಬರೆದಿಡುತ್ತೇನೆ. ಅಲ್ಲಿಯ ನಿವಾಸಿ ಅಂದಮೇಲೆ ಅಲ್ಲಿ ವಾಸ ಮಾಡಬೇಕು. ಮತ್ತೆ ಹೊರಗೆ ಹೋಗಿ, ಮತ್ತೆ ನೆಂಟರ ಹಾಗೆ ಬಂದರೆ, ಆ ದಿನ ಇಲ್ಲಿ ಕೂತವರು ಬಿಡುವುದಿಲ್ಲ" ಎಂದು ಮುದ್ರೆ ಒತ್ತಿದರು.

ಓಡಿ ಹೋಗಿ ವಿಮಾನ ಹತ್ತಿದೆವು. ಗೆದ್ದೆವು ಎಂದೇ ನಾನು ತಿಳಿದೆ. ಕುಡಿಯಲು ವೈನ್ ತರಿಸಿಕೊಂಡೆ, ಮಗಳಿಗೆ ಕಚಗುಳಿಯಿಟ್ಟೆ. ನನ್ನ ಗಂಡ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಬಿಡುಗಡೆಯಾದವನ ಮುಖ ಅದಾಗಿರಲಿಲ್ಲ. ಲೆಕ್ಕ ಹಾಕುತ್ತಿರುವವನ ಮುಖ. ಏನ್ರೀ ಎಂದರೆ ಏನಿಲ್ಲ ಎಂದರು.

ನ್ಯೂಜೆರ್ಸಿಯಲ್ಲಿ ಅವರು ಹಳೆಯ ಮ್ಯಾನೇಜರನ್ನು ಕಂಡು ಬಂದರು. ಜಾಗ ಮುಂದಿನ ಬೇಸಿಗೆಗಲ್ಲ, ಈಗಲೇ ಬೇಕಾದರೆ ಈಗಲೇ ಎಂದಿದ್ದರಂತೆ. ಅದನ್ನು ನನಗೆ ಹೇಳಿದ್ದು ಅವರಕ್ಕ. ನನ್ನ ಗಂಡ ಆ ಮಾತೆತ್ತದೆ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು, ಗಂಟೆಗಟ್ಟಲೆ ಉಯ್ಯಾಲೆ ತೂಗುತ್ತಿದ್ದರು. ಅವಳಿಗೆ ಇಷ್ಟವಾದ ಒಬ್ಬಟ್ಟು ಮಾಡಿ ಡಬ್ಬಿಗೆ ತುಂಬಿದರು. ನನಗೆ ಅನುಮಾನ ಬಂದಿತ್ತು. ಹೊರಡುವ ಹಿಂದಿನ ದಿನ ನನ್ನ, ಮಗಳ ಪೆಟ್ಟಿಗೆಗಳು ತುಂಬಿ ನಿಂತಿದ್ದವು. ಅವರ ಬಟ್ಟೆಗಳು ಗೂಟದಲ್ಲೇ ಇದ್ದವು.

"ನಿಮ್ಮ ಪ್ಯಾಕಿಂಗ್ ಯಾವಾಗ?" ಎಂದೆ.

ಅವರು ಮಂಚದ ಮೇಲೆ ಕೂತರು. "ನಾನು ಈಗ ಬಂದ್ರೆ ಮತ್ತೆ ಒಳಗೆ ಬಿಡಲ್ಲ ಕಣೇ. ಆತ ಹೇಳಿದ್ದು ನೀನೂ ಕೇಳಿಸ್ಕೊಂಡೆ."

"ನನ್ನ ಕೆಲಸ? ಅವಳ ಸ್ಕೂಲು?"

"ನೀನು ಬಿಟ್ಟು ಬಂದ್ಬಿಡು."

"ಮಧ್ಯದಲ್ಲಿ ಬಿಟ್ಟರೆ ಕಂಪನಿಯಲ್ಲಿ ಮತ್ತೆ ನನಗೆ ಜಾಗ ಇಲ್ಲ. ನಿಮಗೆ ಗೊತ್ತು."

"ಗೊತ್ತು" ಎಂದರು. "ಅದಕ್ಕೇ ನಾನು ಕೇಳ್ತಾ ಇಲ್ಲ."

ನನಗೆ ಬಂದ ಸಿಟ್ಟು ಇಷ್ಟಲ್ಲ. ಹಾಳಾದ ಕಾರ್ಡು, ಬಿಸಾಕಿ, ಮೂರು ಜನ ಒಂದು ಕಡೆ ಇರೋಣ ಎಂದು ಕೂಗಬೇಕೆನಿಸಿತು. ಕೂಗಿದೆ ಕೂಡ. ಪಕ್ಕದ ಕೋಣೆಯಲ್ಲಿ ಅವರಕ್ಕ ಟೀವಿಯ ಸದ್ದು ಜಾಸ್ತಿ ಮಾಡಿದರು. ನನ್ನ ಗಂಡ ತಲೆ ತಗ್ಗಿಸಿ ಎಲ್ಲ ಕೇಳಿದರು. ಕೊನೆಗೆ, "ಅಲ್ಲಿ ನಾನು ಏನೂ ಅಲ್ಲ ಕಣೇ" ಎಂದರು. ಒಂದು ವರ್ಷ ಅವರ ಸಾರನ್ನು ಹೊಗಳುತ್ತಾ ಎದುರಿಗೆ ಕೂತಿದ್ದವಳು ನಾನೇ.

ಏರ್‌ಪೋರ್ಟಿನಲ್ಲಿ ಮಗಳು ಅಪ್ಪ ಕಾರು ನಿಲ್ಲಿಸಿ ಬರುತ್ತಾರೆಂದು ತಿಳಿದಿದ್ದಳು. ಸೆಕ್ಯುರಿಟಿ ದಾಟಿದ ಮೇಲೆ ಹೇಳಿದೆ. ಅವಳು ಅಳಲಿಲ್ಲ, ಒಬ್ಬಟ್ಟಿನ ಡಬ್ಬಿಯನ್ನು ತಾನೇ ಹಿಡಿದುಕೊಳ್ಳುತ್ತೇನೆಂದಳು. ವಿಮಾನದಲ್ಲಿ ಖಾಲಿ ಬಿದ್ದಿದ್ದ ಮೂರನೆಯ ಸೀಟಿನಲ್ಲಿ ಅದನ್ನಿಟ್ಟು ಬೆಲ್ಟ್ ಹಾಕಿದಳು.

ಬೆಳಗಿನ ಹೊತ್ತಿಗೆ ಶ್ಯಾನನ್‌ನಲ್ಲಿ ಇಳಿದೆವು. ಮಳೆ ಹನಿಯುತ್ತಿತ್ತು. ಐರ್ಲೆಂಡಿನ ಇಮಿಗ್ರೇಶನ್ ಕೌಂಟರಿನಲ್ಲಿ ಒಬ್ಬ ಹುಡುಗ, ಒಳ್ಳೆಯ ನಗುಮುಖದವನು, ಕೂತಿದ್ದ. ನನ್ನ ಪಾಸ್‌ಪೋರ್ಟು ತೆಗೆದುಕೊಂಡ, ಮಗಳದು ತೆಗೆದುಕೊಂಡ, ಇನ್ನೊಂದಕ್ಕಾಗಿ ಎಂಬಂತೆ ನಮ್ಮ ಹಿಂದೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ಇಬ್ಬರೇನಾ?" ಎಂದ.

ಮಗಳು ನನ್ನ ಮುಖ ನೋಡಿದಳು, ಏನು ಹೇಳಬೇಕೆಂದು ಯಾರೂ ಅವಳಿಗೆ ಕಲಿಸಿರಲಿಲ್ಲ. "ಹೌದು, ಇಬ್ಬರೇ" ಎಂದು ನಾನು ಹೇಳಿದೆ. ಅವನು ಎರಡಕ್ಕೂ ಮುದ್ರೆ ಒತ್ತಿ ಕೊಟ್ಟ.